ಮನೆಯಲ್ಲಿ ಸುತ್ತುತ್ತೇನೆ, ಸಂಡೇ ಸ್ಕೂಲಿನಲ್ಲಿ ಸುತ್ತುವುದಿಲ್ಲ

ಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆಯನ್ನು ಗಿಫ್ಟ್ ಪೇಪರಿನಲ್ಲಿ ಸುತ್ತಿ ಕೊಡಬೇಕೋ, ಹಾಗೇ ಕೈಗೆ ಕೊಡಬೇಕೋ? ಡಿಸೆಂಬರ್ ಬಂತೆಂದರೆ ಬೀದರಿನ ಮಂಗಲಪೇಟೆಯ ನಮ್ಮ ಓಣಿಯಲ್ಲಿ ಸಣ್ಣ ಮಕ್ಕಳ ತಾಯಂದಿರು ನನ್ನನ್ನು ಇದನ್ನು ಕೇಳುತ್ತಾರೆ. ನಮ್ಮ ಸಭೆಯ, ಅಂದರೆ ಚರ್ಚಿನ, ಸಂಡೇ ಸ್ಕೂಲಿನ ಉಡುಗೊರೆಗಳ ಉಸ್ತುವಾರಿ ಬಹಳ ವರ್ಷಗಳಿಂದ ನನ್ನದೇ. ಮನೆಯಲ್ಲೂ ಇಬ್ಬರು ಮಕ್ಕಳಿದ್ದಾರೆ. ಹಾಗಾಗಿ ನನಗೆ ಗೊತ್ತಿರಬೇಕು ಎಂದು ಅವರ ಲೆಕ್ಕ. ನಾನು ಹೇಳುವುದು ಇಷ್ಟು: ಮನೆಯಲ್ಲಿ ಸುತ್ತಿ, ಸಭೆಯಲ್ಲಿ ಬೇಡ. ಯಾಕೆ ಎಂದು ಬಾಗಿಲಲ್ಲಿ ನಿಂತು ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಸಣ್ಣವರಿದ್ದಾಗ ಕ್ರಿಸ್ಮಸ್ ಅಂದರೆ ಹೊಸ ಅರಿವೆ, ಅಷ್ಟೇ. ಚೌಬಾರಾ ಕಡೆಯ ಅಂಗಡಿಯಲ್ಲಿ ಅಪ್ಪ ಒಂದೇ ಥಾನಿನಿಂದ ಕತ್ತರಿಸಿ ತಂದ ಬಟ್ಟೆಯಲ್ಲಿ ಅಕ್ಕ ತಂಗಿಯರಿಗೆಲ್ಲ ಫ್ರಾಕು. ಟೇಲರು ಹೊಲಿದು, ಹಳೆ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಡುತ್ತಿದ್ದ. ಒಳಗೇನಿದೆ ಎಂದು ನಮಗೆ ಗೊತ್ತೇ ಇರುತ್ತಿತ್ತು, ಅಳತೆ ಕೊಟ್ಟು ಬಂದವರೇ ನಾವು. ಆದರೂ 24ರ ರಾತ್ರಿ ಆರಾಧನೆಗೆ ಹೊರಡುವ ತನಕ ಆ ದಾರ ಬಿಚ್ಚಲು ಅವ್ವ ಬಿಡುತ್ತಿರಲಿಲ್ಲ. ಕರ್ಚಿಕಾಯಿ ಡಬ್ಬಿಯ ಪಕ್ಕ ಆ ಗಂಟು ಕೂತಿರುತ್ತಿತ್ತು, ನಾವು ಹೋಗಿ ಬಂದು ಮುಟ್ಟಿ ನೋಡುವುದು. ಗೊತ್ತಿದ್ದ ಫ್ರಾಕಿಗೇ ಅಷ್ಟು ತವಕ ಹುಟ್ಟಿಸಿದ್ದು ಒಂದು ತುಂಡು ದಾರ. ಸುತ್ತಿ ಕೊಡಬೇಕು ಎನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ನಮ್ಮ ಮನೆಯವರಿಗೆ ಇದು ಒಪ್ಪಿಗೆಯಿಲ್ಲ. "ಹರ್ದು ಒಗಿಯೋ ಕಾಗದಕ್ಕ ಯಾಕ ರೊಕ್ಕ ಹಾಕ್ತಿ? ಬೈಬಲಿನಾಗ ಎಲ್ಲಿ ಅದ ಹಿಂಗ ಸುತ್ತಬೇಕಂತ?" ಎನ್ನುತ್ತಾರೆ. "ಕೂಸಿನ್ನೇ ಬಟ್ಟಿಯೊಳಗ ಸುತ್ತಿ ಗೋದಲಿಯೊಳಗ ಮಲಗಿಸ್ಯಾರ, ಲೂಕ ಎರಡನೇ ಅಧ್ಯಾಯ ಓದ್ರಿ" ಎಂದು ನಾನು ಬಾಯಿ ಮುಚ್ಚಿಸುತ್ತೇನೆ. ನಗೆಯ ಮಾತು ಬಿಟ್ಟರೆ ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. ಈಗ ಅಂಗಡಿಯಲ್ಲಿ ಸಿಗುವ ಬಣ್ಣದ ಗಿಫ್ಟ್ ಪೇಪರಿಗೆ ಭಕ್ತಿಯ ಇತಿಹಾಸವೇನೂ ಇಲ್ಲ, ವ್ಯಾಪಾರದ್ದಿದೆ. 1917ರ ಕ್ರಿಸ್ಮಸ್ ಹೊತ್ತಿಗೆ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳು ಟಿಶ್ಯೂ ಕಾಗದ ಖರ್ಚಾಗಿ ಹೋಯಿತು. ಅದರ ಬದಲಿಗೆ, ಲಕೋಟೆಯ ಒಳಮೈಗೆ ಅಂಟಿಸಲೆಂದು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಹಾಳೆಗಳನ್ನು ಮಾರಾಟಕ್ಕಿಟ್ಟರು. ಜನ ಮುಗಿಬಿದ್ದು ಕೊಂಡರು. ಅವರೇ ಮುಂದೆ ಹಾಲ್‌ಮಾರ್ಕ್ ಕಂಪನಿಯವರಾದರು. ಪಾರದರ್ಶಕ ಟೇಪು ಮಾರುಕಟ್ಟೆಗೆ ಬಂದದ್ದು 1930ರಲ್ಲಿ. ಅದಕ್ಕೂ ಮುಂಚೆ ದಾರ, ಅರಗು, ಇಷ್ಟರಲ್ಲೇ ನಡೆಯುತ್ತಿತ್ತು. ನಮ್ಮ ಟೇಲರು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ.

ಹಾಗಾಗಿ ಸುತ್ತಬೇಕೆಂದರೆ ಅಂಗಡಿ ಪೇಪರೇ ಆಗಬೇಕೆಂದಿಲ್ಲ. ಮಿಣಮಿಣ ಹೊಳೆಯುವ ಪೇಪರನ್ನು ನಾನು ಮನೆಗೆ ತರುವುದು ನಿಲ್ಲಿಸಿ ಬಹಳ ದಿನವಾಯಿತು. ಹಾಳೆಯನ್ನು ಮುಷ್ಟಿಯಲ್ಲಿ ಮುದುಡಿ ಬಿಟ್ಟು ನೋಡಿ: ಮುದುಡಿದಂತೆಯೇ ಉಳಿದರೆ ಕಾಗದ, ಮೆಲ್ಲಗೆ ಅರಳಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪದರ ಇದೆ. ಅಂಥದ್ದು ರದ್ದಿಯವನಿಗೂ ಬೇಡ. ನಮ್ಮ ಕಡೆ ಡಿಸೆಂಬರಿನ ಚಳಿಗೆ ಬೆಳಿಗ್ಗೆ ನೀರು ಕಾಯಿಸುವ ಒಲೆಗೆ ಸಿಕ್ಕಿದ್ದನ್ನೆಲ್ಲ ತುರುಕುವ ಅಭ್ಯಾಸ ಬೇರೆ. ಆ ಪೇಪರು ಒಲೆಗೆ ಬಿದ್ದರೆ ಹೊಗೆ ಬಚ್ಚಲ ತುಂಬ. ಮಿಠಾಯಿ ಡಬ್ಬಿಯ ಮೇಲೆ ಬಿಗಿಯುವ ಪ್ಲಾಸ್ಟಿಕ್ ಹಾಳೆಯಂತೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ.

ನಾನು ಬಳಸುವುದರಲ್ಲಿ ಮೊದಲನೆಯದು ಖಾಕಿ ಕಾಗದ. ಜೂನಿನಲ್ಲಿ ಮಕ್ಕಳ ನೋಟ್‌ಬುಕ್ಕಿಗೆ ಹೊದಿಕೆ ಹಾಕಿ ಮಿಕ್ಕ ಸುರುಳಿ ಕಪಾಟಿನ ಮೇಲೆ ಇದ್ದೇ ಇರುತ್ತದೆ, ಹೆಸರಿನ ಚೀಟಿಗಳೂ ಉಳಿದಿರುತ್ತವೆ. ಎರಡನೆಯದು ಹಳೆ ಕ್ಯಾಲೆಂಡರಿನ ದೊಡ್ಡ ಹಾಳೆ, ಬಿಳಿ ಬೆನ್ನು ಹೊರಗೆ ಮಾಡಿ. ಡಿಸೆಂಬರ್ ಹಾಳೆ ಇನ್ನೂ ಗೋಡೆಯ ಮೇಲಿರಬೇಕು, ಉಳಿದ ಹನ್ನೊಂದು ಸಿಕ್ಕುತ್ತವೆ. ಅದು ದಪ್ಪ, ಮಡಿಚುವಲ್ಲಿ ಉಗುರಿನಿಂದ ಗೆರೆ ಎಳೆದುಕೊಳ್ಳದಿದ್ದರೆ ಒಡೆಯುತ್ತದೆ. ದಿನಪತ್ರಿಕೆಯೂ ಆದೀತು, ಆದರೆ ಚಕ್ಕುಲಿ, ಉಂಡಿ ಕೊಡುವುದಕ್ಕೆ ಬೇಡ. ಅಚ್ಚಿನ ಮಸಿ ತಿಂಡಿಗೆ ಹತ್ತುತ್ತದೆ, ಪತ್ರಿಕೆಯಲ್ಲಿ ಆಹಾರ ಸುತ್ತಬೇಡಿ ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೂಡ ಹೇಳಿದೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಜಂಪರ್ ಪೀಸು, ಅಂದರೆ ರವಿಕೆ ಬಟ್ಟೆ. ನಮ್ಮ ಕಡೆ ಯಾವ ಮನೆಯ ಟ್ರಂಕು ತೆರೆದರೂ ಹೊಲಿಸದ ಜಂಪರ್ ಪೀಸಿನ ಗುಡ್ಡೆ ಇದ್ದೇ ಇದೆ. ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಹೋದರೆ ಒಂದು, ಪಕ್ಕದ ಮನೆಯ ಬಸುರಿಯ ಕುಬುಸಕ್ಕೆ ಹೋದರೆ ಒಂದು. ಬಣ್ಣ ಯಾವ ಸೀರೆಗೂ ಹೊಂದುವುದಿಲ್ಲ, ಎಸೆಯಲು ಮನಸ್ಸು ಬಾರದು, ಮತ್ತೊಬ್ಬರಿಗೆ ದಾಟಿಸಲು ಸಂದರ್ಭ ಕೂಡಿ ಬರಬೇಕು. ಕೆಲವು ಪೀಸುಗಳು ಊರೆಲ್ಲ ಸುತ್ತಿ ಮತ್ತೆ ನಮ್ಮ ಮನೆಗೇ ಬಂದದ್ದೂ ಉಂಟು. ಇವನ್ನು ಕತ್ತರಿಸದೆ ಉಡುಗೊರೆ ಕಟ್ಟಲು ಬಳಸುತ್ತೇನೆ. ಪೀಸನ್ನು ಹಾಸಿ, ಡಬ್ಬಿಯನ್ನು ನಡುವೆ ಓರೆಯಾಗಿ ಇಡಬೇಕು. ಎದುರುಬದುರು ತುದಿಗಳಲ್ಲಿ ಒಂದು ಜೋಡಿಯನ್ನು ಡಬ್ಬಿಯ ಮೇಲೆ ಬಿಗಿಯಾಗಿ ಹೊದಿಸಿ, ಇನ್ನೊಂದು ಜೋಡಿಯನ್ನು ಅದರ ಮೇಲೆ ಗಂಟು ಹಾಕಬೇಕು. ಜಪಾನಿನವರು ಇದನ್ನೇ ಫುರೋಶಿಕಿ ಎಂದು ಕಲೆಯಾಗಿ ಬೆಳೆಸಿದ್ದಾರೆ, ನಮ್ಮ ಆಯಿ ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದುದೂ ಹೀಗೇ. ಕಾಟನ್ ಪೀಸಿಗೆ ಒಂದು ಗಂಟು ಸಾಕು. ಪಾಲಿಸ್ಟರ್ ಜಾರುತ್ತದೆ, ಎರಡು ಗಂಟು ಹಾಕಿ ಎಳೆಯಬೇಕು. ಎಷ್ಟು ಬಿಗಿ ಎಂದರೆ ಮಗು ತಾನೇ ಬಿಚ್ಚುವಷ್ಟು. ಈ ಒಂದು ಮಾತಿನಲ್ಲಿ ನಾನು ಕಟ್ಟುನಿಟ್ಟು. ಮಗುವಿನ ಕೈಗೆ ಬಿಚ್ಚಲು ಬಾರದ್ದನ್ನು ಕೊಟ್ಟರೆ ಅಪ್ಪ ಕತ್ತರಿ ತರುತ್ತಾನೆ, ಮಾವ ಟೇಪು ಕೀಳುತ್ತಾನೆ, ಮಗು ಬರೀ ನೋಡುತ್ತ ನಿಲ್ಲುತ್ತದೆ. ಆಗ ಉಡುಗೊರೆ ಯಾರದ್ದು?

ವರ್ಷ ತುಂಬದ ಕೂಸಿಗೆ ಒಳಗಿನ ಆಟಿಕೆಗಿಂತ ಪರಪರ ಎನ್ನುವ ಕಾಗದವೇ ಆಟ. ಅದಕ್ಕೆ ಟೇಪು, ರಿಬ್ಬನ್, ಪಿನ್ನು ಯಾವುದೂ ಹಾಕಬಾರದು, ಎಲ್ಲ ನೇರ ಬಾಯಿಗೇ ಹೋಗುತ್ತವೆ. ಕಾಗದವನ್ನು ಸಡಿಲವಾಗಿ ಹೊದಿಸಿದರೆ ಸಾಕು.

ಆಟಿಕೆಯನ್ನು ಸುತ್ತುವ ಮೊದಲು ಅದರ ಡಬ್ಬಿಯನ್ನು ಒಮ್ಮೆ ಬಿಚ್ಚುತ್ತೇನೆ. ಈಗಿನ ಕಾರು, ಗೊಂಬೆಗಳನ್ನು ರಟ್ಟಿಗೆ ತಂತಿ ಹೆಣೆದು ಬಿಗಿದಿರುತ್ತಾರೆ, ಹಬ್ಬದ ದಿನ ಅದನ್ನು ಬಿಡಿಸುತ್ತ ಕೂತರೆ ಮಗುವಿನ ಅಳು ಶುರು. ತಂತಿ ತೆಗೆದು, ಸೆಲ್ ಹಾಕಿ, ಓಡುತ್ತದೋ ಇಲ್ಲವೋ ನೋಡಿ ಮತ್ತೆ ಒಳಗಿಡುತ್ತೇನೆ. ಸೆಲ್ ಇಡುವ ಜಾಗಕ್ಕೆ ಸ್ಕ್ರೂ ಇರುವ ಮುಚ್ಚಳ ಇದೆಯೋ ನೋಡಿ. ಗುಂಡಿಯಂಥ ಸಣ್ಣ ಸೆಲ್ ನುಂಗಿದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನೂ ಆಗಲೇ ನೋಡಿಕೊಳ್ಳಿ. ಸುತ್ತಿದ ಮೇಲೆ ಯಾರೂ ನೋಡುವುದಿಲ್ಲ.

ಅಂದಚಂದದ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಸಮಾಧಾನ. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಸಂಶೋಧಕರು ಮಗ್ಗುಗಳನ್ನು ಕೆಲವರಿಗೆ ಅಚ್ಚುಕಟ್ಟಾಗಿ, ಕೆಲವರಿಗೆ ಒರಟೊರಟಾಗಿ ಸುತ್ತಿ ಕೊಟ್ಟು ನೋಡಿದರು. ಒರಟಾಗಿ ಸುತ್ತಿದ್ದು ಸಿಕ್ಕವರೇ ಮಗ್ಗನ್ನು ಹೆಚ್ಚು ಮೆಚ್ಚಿದರು. ಹೊದಿಕೆ ಚಂದವಿದ್ದಷ್ಟೂ ಒಳಗಿನದರ ಮೇಲೆ ಆಸೆ ಏರುತ್ತದಂತೆ, ಬಿಚ್ಚಿದಾಗ ಇಳಿಯುತ್ತದಂತೆ. ಅವರೆಲ್ಲ ದೊಡ್ಡವರು. ಮಕ್ಕಳ ವಿಷಯದಲ್ಲಿ ನಾನು ಕಂಡದ್ದು ಬೇರೆ, ಅವರಿಗೆ ಮಡಿಕೆ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಅತ್ತೆಯವರಿಗೆ ಮಾತ್ರ ಬೀಳುತ್ತದೆ. ಮೊಮ್ಮಗ ಹರಿಯಲು ಕೈ ಹಾಕುತ್ತಿದ್ದಂತೆ "ಸಾವಕಾಶ ಬಿಚ್ಚೋ, ಹಾಳಿ ಹರೀಬ್ಯಾಡ" ಎಂದು ಕೂಗಿ, ಟೇಪನ್ನು ಉಗುರಿನಿಂದ ಎಬ್ಬಿಸಿ, ಹಾಳೆಯನ್ನು ಮಡಿಚಿ ಗಾದಿಯ ಕೆಳಗೆ ಇಟ್ಟುಬಿಡುತ್ತಾರೆ. ಮಾರ್ಚಿನಲ್ಲಿ ಗಾದಿ ಬಿಸಿಲಿಗೆ ಹಾಕುವಾಗ ಇಸ್ತ್ರಿ ಮಾಡಿದಷ್ಟು ಸಪಾಟಾಗಿ ಸಿಗುತ್ತದೆ.

ಕೆಲವು ವಸ್ತುಗಳಿಗೆ ಕಾಗದ ಸುತ್ತುವುದೇ ದಂಡ. ಕ್ರಿಕೆಟ್ ಬ್ಯಾಟಿಗೆ ಎಷ್ಟು ಸುತ್ತಿದರೂ ಬ್ಯಾಟೇ. ಮಗನಿಗೆ ಬ್ಯಾಟು ತಂದ ವರ್ಷ ಅದನ್ನು ಚಾಪೆಯೊಳಗಿಟ್ಟು ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದೆ. ಅವನು ಕ್ಯಾರೋಲ್‌ಗೆ ಬಂದವರಿಗೆಂದು ಚಾಪೆ ಬಿಡಿಸಲು ಎಳೆದಾಗ ಬ್ಯಾಟು ಕಾಲ ಮೇಲೆ ಬಿತ್ತು. ಹಾಡುವವರು ಹಾಡು ಬಿಟ್ಟು ನಕ್ಕರು. ಸೈಕಲ್ಲಿಗೆ ಹ್ಯಾಂಡಲಿಗೊಂದು ರಿಬ್ಬನ್ ಸಾಕು, ಹಬ್ಬದ ತನಕ ಪಕ್ಕದ ಮನೆಯಲ್ಲಿ ನಿಲ್ಲಿಸಿರಿ.

ಕ್ರಿಸ್ಮಸ್ ತಾತ ತಂದದ್ದು ಎಂದು ಕೊಡುವುದನ್ನು ನಾನು ಸುತ್ತುವುದೇ ಇಲ್ಲ. ಇದು ಮಗಳಿಂದ ಬಂದ ನಿಯಮ. ಅವಳು ಎರಡನೇ ಇಯತ್ತೆಯಲ್ಲಿದ್ದಾಗ ತಾತನ ಉಡುಗೊರೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮಮ್ಮಿ, ತಾತನ ಮನ್ಯಾಗೂ ನಮ್ಮ ನೋಟ್‌ಬುಕ್ಕಿನ ಖಾಕಿ ಕಾಗದನೇ ಅದ ಏನ?" ಎಂದಳು. ಚೀಟಿಯ ಮೇಲಿನ ಅಕ್ಷರವೂ ಶಾಲೆಯ ಡೈರಿಯಲ್ಲಿ ನಾನು ಸಹಿ ಹಾಕುವ ಅಕ್ಷರವೇ. ಅಂದಿನಿಂದ ತಾತ ಬಿಚ್ಚಿದ್ದನ್ನೇ ತಲೆದಿಂಬಿನ ಪಕ್ಕ ಇಟ್ಟು ಹೋಗುತ್ತಾನೆ, ಅಪ್ಪ ಅವ್ವ ಕೊಡುವುದು ಮಾತ್ರ ಗಂಟು ಕಟ್ಟಿ ಬರುತ್ತದೆ.

ಇನ್ನು ಸಂಡೇ ಸ್ಕೂಲು. ಅಲ್ಲಿ ಮೊದಲೆಲ್ಲ ಸುತ್ತಿಯೇ ಕೊಡುತ್ತಿದ್ದರು. ಹಬ್ಬದ ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯಿಂದ ಒಬ್ಬೊಬ್ಬರ ಹೆಸರು ಕೂಗುವುದು, ಸಭಾಪಾಲಕರು ಕೈಗೆ ಕೊಡುವುದು, ಫೋಟೊ. ಮಕ್ಕಳು ಮೆಟ್ಟಿಲಿಳಿಯುವಷ್ಟರಲ್ಲಿ ಹರಿದಿರುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು ಹೋಲಿಕೆ: ನಿನ್ನದರಲ್ಲಿ ಕಂಪಾಸ್ ಬಾಕ್ಸು, ನನ್ನದರಲ್ಲಿ ಬರೀ ಬಣ್ಣದ ಪೆನ್ಸಿಲ್ಲು. ಚಂದಾ ಎತ್ತಿ ತಂದ ಸಾಮಾನು, ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಇರುವುದು ಸಹಜ. ಆದರೆ ಮುಚ್ಚಿ ಕೊಟ್ಟದ್ದರಲ್ಲಿ ಮಗು ತನಗೆ ಬೇಕಾದದ್ದನ್ನೇ ಕಲ್ಪಿಸಿಕೊಂಡಿರುತ್ತದೆ. ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯಲು ಹೋದ ಅಪ್ಪ ಹಬ್ಬಕ್ಕೂ ಬರಲಾಗದ ಮನೆಗಳ ಮಕ್ಕಳು ನಮ್ಮಲ್ಲಿ ಇದ್ದಾರೆ. ಅವರಿಗೆ ವರ್ಷದ ಉಡುಗೊರೆ ಇದೊಂದೇ. ಎಲ್ಲರೆದುರು ಬಿಚ್ಚಿ, ಎಲ್ಲರೆದುರು ಮುಖ ಬಾಡಿಸಿಕೊಳ್ಳುವುದು ಆ ಮಗುವಿಗೆ ಬೇಕಿಲ್ಲ.

ಈಗ ನಾವು ಮಾಡುವುದು ಹೀಗೆ. ಒಂದು ತರಗತಿಗೆ ಒಂದೇ ಸಾಮಾನು, ಉಸ್ಮಾನ್ ಗಂಜಿನಿಂದ ಡಜನ್ ಲೆಕ್ಕದಲ್ಲಿ ತಂದದ್ದು. ಬಣ್ಣ ಮಾತ್ರ ಬೇರೆ ಬೇರೆ. ತರಗತಿಯ ಟೇಬಲ್ಲಿನ ಮೇಲೆ ತೆರೆದು ಇಡುತ್ತೇವೆ, ಮಕ್ಕಳು ಸಾಲಾಗಿ ಬಂದು ತಮಗೆ ಬೇಕಾದ ಬಣ್ಣ ಆರಿಸಿಕೊಳ್ಳುತ್ತಾರೆ. ಸಾಲಿನ ಕೊನೆಗೆ ನಿಂತವರಿಗೂ ಆರಿಸಲು ಇರಲಿ ಎಂದು ನಾಲ್ಕೈದು ಹೆಚ್ಚಿಗೆ ತಂದಿರುತ್ತೇವೆ. ಆರಿಸುವುದರಲ್ಲಿರುವ ಸಡಗರ ಬಿಚ್ಚುವುದಕ್ಕಿಂತ ಏನೂ ಕಡಿಮೆಯಿಲ್ಲ. ನೀರಿನ ಬಾಟಲಿಯ ನೀಲಿಯೋ ಹಸಿರೋ ಎಂದು ಒಬ್ಬ ಹುಡುಗ ಎರಡನ್ನೂ ಹಿಡಿದು ಬೆಳಕಿಗೆ ಎತ್ತಿ ನೋಡುತ್ತ ನಿಂತರೆ ಹಿಂದಿನವರೆಲ್ಲ "ಲಗೂ ಆರಿಸೋ" ಎಂದು ನೂಕುತ್ತಾರೆ. ಪೇಪರಿನ ದುಡ್ಡೂ ಉಳಿಯಿತು, ಅದರಲ್ಲಿ ಹೆಚ್ಚಿಗೆ ನಾಲ್ಕು ಬಾಟಲಿ ಬಂದವು. ಫೋಟೊದಲ್ಲಿ ಚಂದ ಕಾಣುವುದಿಲ್ಲ ಎಂದು ಕಮಿಟಿಯ ಹಿರಿಯರೊಬ್ಬರು ಈಗಲೂ ಗೊಣಗುತ್ತಾರೆ. ಗೊಣಗಲಿ.

ಮನೆಯಲ್ಲೂ ಎಲ್ಲ ಮಕ್ಕಳಿಗೂ ಸುತ್ತಿದ್ದು ಒಗ್ಗುವುದಿಲ್ಲ. ನನ್ನ ತಂಗಿಯ ಮಗನಿಗೆ ಹಠಾತ್ತಾಗಿ ಏನು ಎದುರಾದರೂ ಆಗದು, ಕಾಗದ ಹರಿಯುವ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಾನೆ. ಅವನಿಗೆ ಮೊದಲೇ ಅಂಗಡಿಯಲ್ಲಿ ತೋರಿಸಿ, ಇದೇ ಬರುತ್ತದೆ ಎಂದು ಹೇಳಿ, ಮೆತ್ತನೆಯ ಕಾಟನ್ ಪೀಸಿನಲ್ಲಿ ಬಾಯಿ ತೆರೆದ ಗಂಟು ಕಟ್ಟಿ ಕೊಡುತ್ತೇವೆ. ಇಣುಕಿ ನೋಡಿ, ಅದೇ ಇದೆ ಎಂದು ಖಾತ್ರಿ ಮಾಡಿಕೊಂಡು ಎತ್ತಿಕೊಳ್ಳುತ್ತಾನೆ.

ಮಗಳು ಈಗ ಪಿಯುಸಿ. ಹೋದ ವರ್ಷ, "ಏನೂ ಸುತ್ತಬ್ಯಾಡ ಮಮ್ಮಿ, ಫೋನ್‌ಪೇ ಮಾಡಿಬಿಡು" ಎಂದಳು. ದುಡ್ಡೇ ಕೊಟ್ಟೆ, ಆದರೆ ನೋಟುಗಳನ್ನು ಸುರುಳಿ ಮಾಡಿ ಕಡ್ಡಿಪೆಟ್ಟಿಗೆಯಲ್ಲಿ ತುರುಕಿ, ಅದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒಂದರ ಮೇಲೊಂದು ಮೂರು ಜಂಪರ್ ಪೀಸು ಕಟ್ಟಿ. ಬೈದುಕೊಂಡೇ ಬಿಚ್ಚಿದಳು. ಮೂರನೆಯ ಪೀಸು ಅವಳಿಗೆ ಹಿಡಿಸಿ ಟೇಲರಿಗೆ ಹೊಲಿಯಲು ಕೊಟ್ಟಿದ್ದಾಳೆ, ಈ ವರ್ಷ ನನಗೆ ಒಂದು ಹೊದಿಕೆ ಕಡಿಮೆ.