ಮನೆ ಕಂಪ್ಯೂಟರ್‌ನಲ್ಲೇ ಎಸ್‌ಎಫ್‌ಟಿಪಿ ಸರ್ವರ್, ಪಾಸ್‌ವರ್ಡ್ ಇಲ್ಲದೆ

ಮನೆಯ ಹಳೇ ಆಲ್ಬಮ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಟ್ಟಿದ್ದೆ, ಹತ್ತಿರ ಹತ್ತಿರ 40 ಜಿಬಿ. ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಅವು ಬೇಕಿತ್ತು. ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. ಅದಕ್ಕೇ ಅಕ್ಕ ಅಲ್ಲಿಂದಲೇ ಫೈಲ್ ಇಳಿಸಿಕೊಳ್ಳುವ ಹಾಗೆ ನನ್ನ ವಿಂಡೋಸ್ ಕಂಪ್ಯೂಟರನ್ನೇ ಸರ್ವರ್ ಮಾಡಿದೆ.

ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಫೈಲ್ ಕಳಿಸುವ ಹಳೇ ಪದ್ಧತಿ ಎಫ್‌ಟಿಪಿ ಮಾತ್ರ ಬೇಡ. ಅದು 1971ರ ಕಾಲದ್ದು, ಪಾಸ್‌ವರ್ಡ್ ಯಾರು ಬೇಕಾದರೂ ಓದುವ ಹಾಗೆ ಹೋಗುತ್ತದೆ. ಫಿನ್ಲೆಂಡ್‌ನ ಟಾಟು ಯಿಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ (ಎರಡು ಕಂಪ್ಯೂಟರ್‌ಗಳ ನಡುವಿನ ಮಾತನ್ನು ಬೇರೆಯವರು ಓದದಂತೆ ಮುಚ್ಚಿ ಕಳಿಸುವ ವ್ಯವಸ್ಥೆ) ಬರೆದದ್ದೇ ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹೀಗೆ ಪಾಸ್‌ವರ್ಡ್ ಕದ್ದ ಮೇಲೆ. ನಾವು ಬಳಸುವ ಎಸ್‌ಎಫ್‌ಟಿಪಿ ಫೈಲ್ ಕಳಿಸುವುದು ಆ ಎಸ್‌ಎಸ್‌ಎಚ್ ಒಳಗೇ.

ಮೊದಲು ವಿಂಡೋಸ್‌ನಲ್ಲಿ 'ಅಕ್ಕ' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಬೇರೆ ಯೂಸರ್ ಮಾಡಿ. ಅಡ್ಮಿನ್ ಅಧಿಕಾರ ಕೊಡಬೇಡಿ. ಒಮ್ಮೆ ಆ ಹೆಸರಲ್ಲಿ ಲಾಗಿನ್ ಆಗಿ ಬನ್ನಿ, ಇಲ್ಲದಿದ್ದರೆ ಆ ಯೂಸರ್‌ನ ಫೋಲ್ಡರ್ ಹುಟ್ಟುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ 'ಆಪ್ಷನಲ್ ಫೀಚರ್ಸ್' ಹುಡುಕಿ ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿಕೊಳ್ಳಿ. 2018ರ ಕೊನೆಯಿಂದ ಇದು ವಿಂಡೋಸ್ ಜೊತೆಗೇ ಸಿಗುತ್ತದೆ, ಬೇರೆ ಕಡೆಯಿಂದ ಇಳಿಸಬೇಕಾಗಿಲ್ಲ. 'ಸರ್ವಿಸಸ್' ತೆರೆದು ಅದನ್ನು 'ಆಟೋಮ್ಯಾಟಿಕ್' ಮಾಡಿ, ಸ್ಟಾರ್ಟ್ ಒತ್ತಿ. ಮನೆಯ ವೈಫೈ 'ಪ್ರೈವೇಟ್' ಎಂದು ಗುರುತಾಗಿರಲಿ. ಈಗ ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಿಂದ ಫೈಲ್‌ಜಿಲ್ಲಾದಲ್ಲಿ (ಫೈಲ್ ಕಳಿಸುವ, ಇಳಿಸುವ ತಂತ್ರಾಂಶ) ಪೋರ್ಟ್ 22ಕ್ಕೆ, ಅಂದರೆ ಎಸ್‌ಎಸ್‌ಎಚ್‌ನ ಬಾಗಿಲಿಗೆ, ಕನೆಕ್ಟ್ ಮಾಡಿ ನೋಡಿ. ಇದು ಆಗದೆ ಮುಂದೆ ಹೋಗಬೇಡಿ.

ಇನ್ನು ಕೀ, ಅಂದರೆ ಪಾಸ್‌ವರ್ಡ್ ಬದಲು ಬಾಗಿಲು ತೆರೆಯುವ ಫೈಲ್. ಇದೇ ನಿಜವಾದ ಕೆಲಸ, ದಯವಿಟ್ಟು ಬಿಡಬೇಡಿ. ನಾನು ಮೊದಲ ಸಲ ಪಾಸ್‌ವರ್ಡ್ ಇಟ್ಟುಕೊಂಡೇ ರೌಟರ್‌ನಲ್ಲಿ ಪೋರ್ಟ್ ತೆರೆದಿದ್ದೆ (ಹೊರಗಿನ ಇಂಟರ್ನೆಟ್‌ನಿಂದ ಸರ್ವರ್‌ಗೆ ದಾರಿ ಬಿಟ್ಟಿದ್ದೆ), ಬೆಳಗ್ಗೆ ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ 'ರೂಟ್', 'ಅಡ್ಮಿನ್' ಅಂತ ಯಾರ್ಯಾರೋ ರಾತ್ರಿಯಿಡೀ ಬಾಗಿಲು ಬಡಿದಿದ್ದರು, ನೋಡಿ ಕೈ ನಡುಗಿತು.

ಅಕ್ಕನ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ, ಇಡಿ25519 ಬಗೆಯ ಕೀ ಮಾಡಿಸಿ. ಎರಡು ಫೈಲ್ ಬರುತ್ತವೆ. 'ಪಬ್' ಅಂತ ಕೊನೆಯಾಗುವುದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ತೊಂದರೆ ಇಲ್ಲ, ಇನ್ನೊಂದು ಅವಳ ಕಂಪ್ಯೂಟರ್ ಬಿಟ್ಟು ಕದಲಬಾರದು. ಪಬ್ ಫೈಲಿನ ಸಾಲನ್ನು ಸರ್ವರ್‌ನಲ್ಲಿ ಅವಳ ಯೂಸರ್ ಫೋಲ್ಡರ್‌ನ 'ಡಾಟ್ ಎಸ್‌ಎಸ್‌ಎಚ್' ಒಳಗೆ 'ಆಥರೈಸ್ಡ್ ಅಂಡರ್‌ಸ್ಕೋರ್ ಕೀಸ್' ಫೈಲಿಗೆ ಹಾಕಿ. ನೋಟ್‌ಪ್ಯಾಡ್ ಸುಮ್ನೆ ಹಿಂದೆ 'ಡಾಟ್ ಟಿಎಕ್ಸ್‌ಟಿ' ಅಂಟಿಸುತ್ತದೆ, ಅದನ್ನು ತೆಗೆಯಿರಿ. ಇದೊಂದರಲ್ಲೇ ನನ್ನ ಅರ್ಧ ದಿನ ಹೋಯಿತು.

ಆಮೇಲೆ ಸಿ ಡ್ರೈವ್‌ನ ಪ್ರೋಗ್ರಾಮ್‌ಡೇಟಾದಲ್ಲಿ (ಇದು ಹಿಡನ್ ಫೋಲ್ಡರ್) ಎಸ್‌ಎಸ್‌ಎಚ್ ಒಳಗಿರುವ ಕಾನ್ಫಿಗ್ ಫೈಲನ್ನು ಅಡ್ಮಿನ್ ಆಗಿ ತೆರೆಯಿರಿ. 'ಪಾಸ್‌ವರ್ಡ್ ಅಥೆಂಟಿಕೇಶನ್' ಸಾಲಿನ ಮುಂದಿರುವ ಹ್ಯಾಶ್ (#) ತೆಗೆದು 'ಯೆಸ್' ಇದ್ದದ್ದನ್ನು 'ನೋ' ಮಾಡಿ. ಹತ್ತಿರದಲ್ಲೇ 'ಅಲೌ ಯೂಸರ್ಸ್' ಸಾಲು ಸೇರಿಸಿ ಅಕ್ಕನ ಹೆಸರೊಂದನ್ನೇ ಬರೆಯಿರಿ. ಇಂಥ ಆಯ್ಕೆಗಳ ಹೆಸರನ್ನು ಇಂಗ್ಲಿಷ್‌ನಲ್ಲಿ ನಡುವೆ ಜಾಗ ಬಿಡದೆ ಬರೆಯಬೇಕು. ಇವೆರಡೂ ಫೈಲಿನ ತುದಿಯಲ್ಲಿರುವ 'ಮ್ಯಾಚ್ ಗ್ರೂಪ್' ಸಾಲಿಗಿಂತ ಮೇಲೇ ಇರಲಿ, ಕೆಳಗೆ ಬರೆದರೆ ಅದು ಆ ಗುಂಪಿಗೆ ಮಾತ್ರ ಅನ್ವಯಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ಅಕ್ಕನ ಹೆಸರಲ್ಲಿ ಒಂದು 'ಮ್ಯಾಚ್ ಯೂಸರ್' ಬರೆದು, ಅದರಡಿ 'ಕ್ರೂಟ್ ಡೈರೆಕ್ಟರಿ'ಗೆ (ChrootDirectory) ಫೋಟೊ ಫೋಲ್ಡರ್ ಕೊಡಿ, 'ಫೋರ್ಸ್ ಕಮಾಂಡ್'ಗೆ 'ಇಂಟರ್ನಲ್-ಎಸ್‌ಎಫ್‌ಟಿಪಿ' ಕೊಡಿ. ಆಗ ಅವಳಿಗೆ ಫೋಟೊ ಬಿಟ್ಟು ಬೇರೇನೂ ಕಾಣುವುದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಹಾಕಿ ಒಳಗೆ ಹೋಗಲು ನೀವೇ ಒಮ್ಮೆ ನೋಡಿ. ಹೋಗಬಾರದು.

ಹೊರಗಿನಿಂದ ಬರುವುದು ಹೇಗೆ? ರೌಟರ್ ಪುಟದಲ್ಲಿ ನಿಮ್ಮ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ, ನೀವು ಇಂಟರ್ನೆಟ್ ಕಂಪನಿಯ ದೊಡ್ಡ ಗೇಟಿನ ಹಿಂದಿದ್ದೀರಿ, ರೌಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಅಲ್ಲಿಲ್ಲದಿದ್ದರೂ ತೆರೆಯಬೇಡಿ ಅನ್ನುತ್ತೇನೆ. ಎರಡೂ ಕಂಪ್ಯೂಟರ್‌ಗೆ ಟೇಲ್‌ಸ್ಕೇಲ್ (ದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ನಲ್ಲಿ ಜೋಡಿಸುವ ತಂತ್ರಾಂಶ) ಹಾಕಿ ಒಂದೇ ನೆಟ್‌ವರ್ಕ್‌ಗೆ ಸೇರಿಸಿ, ಅದು ಕೊಡುವ ವಿಳಾಸವನ್ನು ಫೈಲ್‌ಜಿಲ್ಲಾದಲ್ಲಿ ಹಾಕಿ, ಲಾಗಾನ್ ಬಗೆಯಲ್ಲಿ 'ಕೀ ಫೈಲ್' ಆರಿಸಿ. ಮೊದಲ ಸಲ ಸರ್ವರ್‌ನ ಫಿಂಗರ್‌ಪ್ರಿಂಟ್, ಅಂದರೆ ಅದರ ಗುರುತಿನ ಅಕ್ಷರಗಳ ಸಾಲು, ತೋರಿಸುತ್ತದೆ. ನಾವಿಬ್ಬರೂ ಫೋನಿನಲ್ಲಿ ಓದಿ ತಾಳೆ ನೋಡಿದೆವು. ಎರಡು ನಿಮಿಷದ ಕೆಲಸ ಅಷ್ಟೇ.

ಕೊನೆಗೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಆಫ್ ಮಾಡಿ. ಅಕ್ಕ ರಾತ್ರಿ ಊಟ ಮುಗಿಸಿ ಡೌನ್‌ಲೋಡ್ ಹಚ್ಚಿ ಮಲಗುತ್ತಾಳೆ.