ಚಳಿಗಾಲದಲ್ಲಿ ನನ್ನನ್ನು ನಡುಗಿಸಿದ್ದು ಬೆವರು

ಸೆಕೆಯ ಊರಿನಿಂದ ಹಿಮ ಬೀಳುವ ಊರಿಗೆ ಓದಲು ಹೋದವನು ನಾನು. ಮೊದಲ ಚಳಿಗಾಲಕ್ಕೆ ನನ್ನ ತಯಾರಿ ಅಂದರೆ ಒಂದೇ ಒಂದು ಜಾಕೆಟ್. ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ದಪ್ಪದ್ದು. ಹಾಕಿಕೊಂಡರೆ ತೋಳು ಎರಡೂ ಪಕ್ಕಕ್ಕೆ ಎದ್ದು ನಿಲ್ಲುತ್ತಿದ್ದವು. ಒಳಗೆ ಎಂದಿನ ಕಾಟನ್ ಬನಿಯನ್, ಅದರ ಮೇಲೊಂದು ಟೀ ಶರ್ಟು, ಜೀನ್ಸ್. ಕಾಲಿಗೆ ಸ್ಪೋರ್ಟ್ಸ್ ಶೂ. ಇಷ್ಟು ಸಾಕು ಅಂತ ಧೈರ್ಯವಾಗಿದ್ದೆ. ವರ್ಷವಿಡೀ ಫ್ಯಾನ್ ಹಾಕಿಕೊಂಡು ಮಲಗಿದವನಿಗೆ ಚಳಿಯ ಬಗ್ಗೆ ಇನ್ನೇನು ತಾನೇ ಗೊತ್ತಿರುತ್ತೆ?

ಮೊದಲ ಸಲ ಮೈನಸ್ 10 ಡಿಗ್ರಿಗೆ ಇಳಿದ ದಿನ ಬೆಳಿಗ್ಗೆ ಕ್ಲಾಸಿಗೆ ತಡವಾಗಿತ್ತು. ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬಸ್ ಸ್ಟಾಪಿನವರೆಗೆ ಅರ್ಧ ನಡೆದು ಅರ್ಧ ಓಡಿದೆ. ಮೈ ಬಿಸಿಯಾಯಿತು. ಪರವಾಗಿಲ್ವೇ, ಜಾಕೆಟ್ಟು ಒಳ್ಳೆಯದೇ ಸಿಕ್ಕಿದೆ ಅಂದುಕೊಂಡೆ. ಬಸ್ಸು ಬರಲು ಇನ್ನೂ ಹನ್ನೆರಡು ನಿಮಿಷ ಇತ್ತು. ನಿಂತೆ. ಮೂರೋ ನಾಲ್ಕೋ ನಿಮಿಷ ಆಗಿರಬೇಕು, ಬೆನ್ನ ಮೇಲೆ ಯಾರೋ ತಣ್ಣನೆಯ ಒದ್ದೆ ಬಟ್ಟೆ ಹೊದಿಸಿದ ಹಾಗಾಯಿತು. ಸರಿಯಾಗಿ ಬ್ಯಾಗ್ ಒತ್ತಿಕೊಂಡಿದ್ದ ಜಾಗದಲ್ಲಿ. ಬನಿಯನ್ ಬೆವರಿಗೆ ತೊಯ್ದು ಚರ್ಮಕ್ಕೆ ಅಂಟಿತ್ತು. ಹೊರಗಿನ ಚಳಿ ಜಾಕೆಟ್ ದಾಟಿ ಬಂದಿರಲಿಲ್ಲ, ನಡುಕ ಒಳಗಿನಿಂದಲೇ ಶುರುವಾಗಿತ್ತು. ಬಸ್ ಹತ್ತಿ ಕೂತ ಮೇಲೂ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದೇ ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಕಾಟನ್ ಬೆವರು ಕುಡಿದು ಒದ್ದೆಯಾದ ಕೂಡಲೇ ಆ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ. ಸೆಕೆಗೆ ಹೇಳಿ ಮಾಡಿಸಿದ ಬಟ್ಟೆ ಚಳಿಗೆ ಶತ್ರು ಆಗುವುದು ಹೀಗೆ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದು ಕಡಿಮೆ.

ಹಾಗಾಗಿ ದಪ್ಪ ಜಾಕೆಟ್ ಬಿಟ್ಟು ಪದರಗಳಿಗೆ ಬಂದೆ. ಮೈಗೆ ತಾಗುವಂತೆ ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಇದನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದೇ ಇದ್ದದ್ದು ಜಿಪ್ಪಿನ ವಿಷಯ. ಬಾಗಿಲು ದಾಟಿದಾಗ ಸ್ವಲ್ಪ ಚಳಿ ಅನ್ನಿಸಲೇಬೇಕು. ಹೊರಟಾಗಲೇ ಬೆಚ್ಚಗಿದ್ದರೆ ಐದು ನಿಮಿಷದಲ್ಲಿ ಬೆವರುತ್ತೀರಿ. ನಡೆಯುವಾಗ ಜಿಪ್ ಎದೆವರೆಗೆ ಇಳಿಸಿ, ನಿಲ್ಲುವುದಕ್ಕೆ ಒಂದು ನಿಮಿಷ ಮುಂಚೆ ಪೂರ್ತಿ ಏರಿಸುತ್ತೇನೆ. ನಿಂತ ಮೇಲೆ ಏರಿಸಿದರೆ ತಡವಾಯಿತು ಅಂತಲೇ ಲೆಕ್ಕ.

ಇನ್ನೊಂದು ಪೇಚು ಕ್ಲಾಸಿನೊಳಗಿನದು. ಹೊರಗೆ ಮೈನಸ್ 10, ಒಳಗೆ ಹೀಟರ್ ಹಾಕಿ 22. ಜಾಕೆಟ್, ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಬಹುದು. ಪ್ಯಾಂಟಿನೊಳಗಿನ ಥರ್ಮಲ್ ಏನು ಮಾಡ್ತೀರಿ? ಒಂದೂವರೆ ಗಂಟೆ ಲೆಕ್ಚರಿನಲ್ಲಿ ತೊಡೆ ಬೆಂದು ಹೋದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಮೈನಸ್ 15ಕ್ಕಿಂತ ಕೆಳಗೆ ಹೋದರೆ, ಇಲ್ಲವೇ ಹೊರಗೆ ತುಂಬ ಹೊತ್ತು ನಿಲ್ಲುವುದಿದ್ದರೆ ಮಾತ್ರ ಕಾಲಿಗೆ ಥರ್ಮಲ್. ಉಳಿದ ದಿನ ಬರೀ ಪ್ಯಾಂಟು.

ಪಾದದ ಕಥೆ ಬೇರೆ. ಶೂ ಒಳಗೆ ಚಳಿ ಅಂತ ಎರಡು ಜೊತೆ ಸಾಕ್ಸ್ ತುರುಕಿದೆ. ಇನ್ನೂ ಜಾಸ್ತಿ ಚಳಿಯಾಯಿತು. ಶೂ ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಗಾಳಿಗೂ ಜಾಗ ಇರುವುದಿಲ್ಲ. ಬೂಟು ಕೊಳ್ಳುವಾಗ ದಪ್ಪ ಉಣ್ಣೆಯ ಸಾಕ್ಸ್ ಹಾಕಿಕೊಂಡೇ ಹೋಗಿ, ಒಳಗೆ ಬೆರಳು ಆಡಿಸಲು ಬಂದರೆ ಮಾತ್ರ ತಗೊಳ್ಳಿ. ಅಡಿ ದಪ್ಪ ಇರಲಿ, ನೀರು ಒಳಗೆ ಬರದಿರಲಿ. ನೋಡಲು ಚೆಂದ ಇರುವುದಿಲ್ಲ, ಬಿಡಿ. ರಾತ್ರಿ ಬೂಟಿನ ಒಳಗಿನ ಮೆತ್ತೆ ತೆಗೆದು ಹೀಟರಿನ ಹತ್ತಿರ (ಮೇಲಲ್ಲ) ಒಣಗಲು ಇಡುವುದನ್ನು ನಾನು ಹಲ್ಲುಜ್ಜಿದಷ್ಟೇ ನಿಯಮವಾಗಿ ಮಾಡುತ್ತೇನೆ.

ಅಮ್ಮ ಫೋನಿನಲ್ಲಿ ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ಕಿವಿ ಮುಚ್ಕೊಂಡು ಹೋಗೋ." ಹೂಂ ಅಂತ ಹೇಳಿ ಸುಮ್ನೆ ಹೋಗುತ್ತಿದ್ದೆ. ಒಂದು ದಿನ ಗಾಳಿ ಬೀಸುತ್ತಿತ್ತು. ಹವಾಮಾನದಲ್ಲಿ ಬರುವ ವಿಂಡ್ ಚಿಲ್ ಅನ್ನುವ ಅಂಕಿಯನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಮೈನಸ್ 10 ಇದ್ದಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬಂದರೆ ಚರ್ಮಕ್ಕೆ ಸುಮಾರು ಮೈನಸ್ 20ರ ಹಾಗೆ ಅನ್ನಿಸುತ್ತದೆ. ಕಿವಿ ಮೊದಲು ಉರಿಯಿತು, ಆಮೇಲೆ ನೋಯಿತು, ಆಮೇಲೆ ನೋವೇ ಇಲ್ಲ. ಅಬ್ಬಾ, ಅಭ್ಯಾಸ ಆಯ್ತು ಅಂದುಕೊಂಡೆ. ಹಾಸ್ಟೆಲಿಗೆ ಬಂದಾಗ ರೂಮ್‌ಮೇಟ್ ನನ್ನ ಕಿವಿ ನೋಡಿ ಓದುತ್ತಿದ್ದ ಪುಸ್ತಕ ಕೆಳಗಿಟ್ಟ. ಕಿವಿಯ ತುದಿ ಬೆಳ್ಳಗಾಗಿತ್ತು. ಉಜ್ಜಲು ಹೋದ ನನ್ನ ಕೈ ಹಿಡಿದು ತಡೆದ. ಉಜ್ಜಿದರೆ ಚರ್ಮಕ್ಕೆ ಪೆಟ್ಟಾಗುತ್ತದೆ, ಅಂಗೈ ಒತ್ತಿ ಹಿಡಿದು ಮೈಯ ಬಿಸಿಯಿಂದಲೇ ಬೆಚ್ಚಗಾಗಲು ಬಿಡಬೇಕು. ಬಣ್ಣ ಬರುವಾಗ ಆದ ಉರಿ ಕಣ್ಣಲ್ಲಿ ನೀರು ತರಿಸಿತು. ಅಷ್ಟಕ್ಕೇ ಮುಗಿಯಿತು, ನನ್ನ ಪುಣ್ಯ. ಹಾಗೆ ಬೆಚ್ಚಗಾದ ಮೇಲೂ ಸ್ಪರ್ಶ ಬರದಿದ್ದರೆ, ಗುಳ್ಳೆ ಎದ್ದರೆ ನೇರ ಡಾಕ್ಟರ ಹತ್ತಿರ ಹೋಗಬೇಕು. ವಿಂಡ್ ಚಿಲ್ ಮೈನಸ್ 28ರ ಕೆಳಗೆ ಇಳಿದರೆ ಬರಿ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಈಗ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದೇ ಅಂಕಿ. ಅಮ್ಮನಿಗೆ ಬೆಳ್ಳಗಾದ ಕಿವಿಯ ವಿಷಯ ಇವತ್ತಿಗೂ ಹೇಳಿಲ್ಲ.

ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಹೊರಟದ್ದೂ ಉಂಟು. ದಾರಿಯಲ್ಲಿ ಕೈಯಾಡಿಸಿದರೆ ಒಣಹುಲ್ಲು ಮುಟ್ಟಿದ ಹಾಗೆ ಚರಚರ ಸದ್ದು. ಕೂದಲು ಕಡ್ಡಿ ಕಡ್ಡಿಯಾಗಿ ನಿಂತಿತ್ತು. ಈಗ ಸ್ನಾನ ರಾತ್ರಿಗೆ.

ಬಿದ್ದದ್ದು ಎರಡು ಸಲ. ಎರಡೂ ಸಲ ಹಿಮದ ಮೇಲಲ್ಲ, ಒದ್ದೆ ರಸ್ತೆ ಅಂದುಕೊಂಡು ಕಾಲಿಟ್ಟ ಕಡೆ. ತೆಳ್ಳಗಿನ ಗಾಜಿನಂಥ ಮಂಜುಗಡ್ಡೆ ಅದು, ಕೆಳಗಿನ ಡಾಂಬರಿನ ಬಣ್ಣವೇ ಕಾಣುತ್ತದೆ. ಉಪ್ಪು ಎರಚಿರ್ತಾರಲ್ಲ ಅಂತ ನಂಬುವ ಹಾಗೂ ಇಲ್ಲ. ಮೈನಸ್ 10ರ ಕೆಳಗೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪೆಂಗ್ವಿನ್ ಥರ ಚಿಕ್ಕ ಹೆಜ್ಜೆ, ಪೂರ್ತಿ ಪಾದ ಊರಿ, ಮೈಭಾರ ಮುಂದಿನ ಕಾಲಿನ ಮೇಲೆ ಹಾಕಿ ನಡೆಯಬೇಕು. ಜೇಬಿನಲ್ಲಿ ಕೈ ಇರಬಾರದು. ಹಾಗಾಗಿಯೇ ಒಳ್ಳೆ ಗ್ಲೌಸ್ ಬೇಕು. ಬೆರಳುಗಳೆಲ್ಲ ಒಟ್ಟಿಗೆ ಕೂರುವ ಚೀಲದಂಥ ಗ್ಲೌಸ್ ಹೆಚ್ಚು ಬೆಚ್ಚಗೆ.

ಫೋನು ಚಳಿಗೆ ಬ್ಯಾಟರಿ 40 ಪರ್ಸೆಂಟ್ ಇದ್ದಾಗಲೇ ಆಫ್ ಆಗಿಬಿಡುವುದುಂಟು. ಒಳಜೇಬಿನಲ್ಲಿಡಿ.

ರೂಮಿನೊಳಗೆ ಕಾಡುವುದು ಒಣಗಾಳಿ. ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 2 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಹೊರಗಿನ ಗಾಳಿಯನ್ನೇ ಒಳಗೆ ತಂದು ಬಿಸಿ ಮಾಡಿದರೆ ಅದು ಎಲ್ಲೆಲ್ಲಿ ತೇವ ಇದೆಯೋ ಅಲ್ಲಿಂದ ಹೀರುತ್ತದೆ. ಅಂದರೆ ನಿಮ್ಮ ಮೂಗಿನಿಂದ, ತುಟಿಯಿಂದ, ಬೆರಳ ಗೆಣ್ಣುಗಳಿಂದ. ಒಂದು ಬೆಳಿಗ್ಗೆ ದಿಂಬಿನ ಮೇಲೆ ಮೂಗಿನ ರಕ್ತ ನೋಡಿ ಗಾಬರಿಯಾಗಿದ್ದೆ. ಬಾಗಿಲ ಹಿಡಿ ಮುಟ್ಟಿದಾಗೆಲ್ಲ ಚಟ್ ಅಂತ ಕರೆಂಟು ಬೇರೆ. ಚಳಿ ಅಂತ ಅರ್ಧ ಗಂಟೆ ಸುಡುಸುಡು ನೀರಲ್ಲಿ ನಿಲ್ಲುತ್ತಿದ್ದೆನಲ್ಲ, ಅದು ಚರ್ಮದಲ್ಲಿದ್ದ ಎಣ್ಣೆಯನ್ನೂ ತೊಳೆದು ಹಾಕುತ್ತಿತ್ತು. ಈಗ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ. ಮೈ ಪೂರ್ತಿ ಒಣಗುವ ಮುಂಚೆಯೇ ವ್ಯಾಸಲೀನ್.

ಇಷ್ಟೆಲ್ಲ ಕಲಿತ ಮೇಲೂ ಡಿಸೆಂಬರಿನಲ್ಲಿ ನಾನು ಕುಗ್ಗಿ ಹೋದೆ. ಕಾರಣ ಕತ್ತಲು. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಡಿಸೆಂಬರ್ ಕೊನೆಗೆ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಮಧ್ಯಾಹ್ನದ ಲ್ಯಾಬಿಗೆ ಬೆಳಕಿನಲ್ಲಿ ಹೋಗಿ ಕತ್ತಲಲ್ಲಿ ಹೊರಗೆ ಬರುತ್ತಿದ್ದೆ. ರಜಾ ದಿನ ಹನ್ನೊಂದಕ್ಕೆ ಎದ್ದರೆ ದಿನ ಅರ್ಧ ಮುಗಿದಿರುತ್ತಿತ್ತು. ಎಷ್ಟು ಮಲಗಿದರೂ ನಿದ್ದೆ, ಯಾರ ಫೋನೂ ಎತ್ತಲು ಮನಸ್ಸಿಲ್ಲ. ಮನೆ ನೆನಪಿಗೆ ಹೀಗಾಗ್ತಿದೆ ಅಂತ ಸುಮ್ಮನಿದ್ದೆ. ಕೊನೆಗೆ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದಾಗ ಇದಕ್ಕೊಂದು ಹೆಸರೇ ಇದೆ ಅಂತ ತಿಳಿಯಿತು. ನಾರ್ಮನ್ ರೋಸೆಂಥಾಲ್ ಅನ್ನುವ ಮನೋವೈದ್ಯರು ಮತ್ತು ಅವರ ಜೊತೆಗಾರರು 1984ರಲ್ಲೇ ಈ ಋತುಮಾನದ ಖಿನ್ನತೆಯನ್ನು ವಿವರಿಸಿದ್ದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ ಕೂರಲು ಆರೋಗ್ಯ ಕೇಂದ್ರದವರು ಹೇಳಿದರು. ದೀಪ ದಿಟ್ಟಿಸಿ ನೋಡುವುದೇನೂ ಬೇಡ, ಪಕ್ಕದಲ್ಲಿಟ್ಟುಕೊಂಡು ಓದಿದರೆ ಆಯಿತು. ಅದರ ಜೊತೆಗೆ ಮಧ್ಯಾಹ್ನ ಊಟ ಆದ ಕೂಡಲೇ ಇಪ್ಪತ್ತು ನಿಮಿಷ ಹೊರಗೆ ನಡೆಯಲು ಶುರು ಮಾಡಿದೆ. ಯಾವುದು ಎಷ್ಟು ಕೆಲಸ ಮಾಡಿತೋ ಹೇಳಲಾರೆ. ಎರಡು ವಾರದಲ್ಲಿ ಬೆಳಿಗ್ಗೆ ಅಲಾರಂ ಮೊದಲ ಸಲಕ್ಕೇ ಕೇಳಿಸತೊಡಗಿತು. ಈ ಕುಗ್ಗುವಿಕೆ ಬಂದರೆ ನನ್ನ ಹಾಗೆ ತಿಂಗಳುಗಟ್ಟಲೆ ಕಾಯಬೇಡಿ.

ಮಾರ್ಚಿನಲ್ಲಿ ಒಂದು ದಿನ 6 ಡಿಗ್ರಿ ಬಂತು. ಜಾಕೆಟ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಅಮ್ಮನಿಗೆ ಫೋನ್ ಮಾಡಿ "ಇವತ್ತು ಸೆಕೆ" ಅಂದೆ. ಅದೇ ಖುಷಿಯಲ್ಲಿ ಬೂಟು ಬಿಟ್ಟು ಹಳೆಯ ಸ್ಪೋರ್ಟ್ಸ್ ಶೂ ಹಾಕಿದ್ದೆ. ರಸ್ತೆ ತುಂಬ ಕರಗಿದ ಹಿಮದ ನೀರು. ಸಂಜೆ ಹೊತ್ತಿಗೆ ಸಾಕ್ಸ್ ಹಿಂಡಿದರೆ ನೀರು ಇಳಿಯುತ್ತಿತ್ತು. ಮೈನಸ್ 15ರಲ್ಲೂ ನಡುಗದವನು ಅವತ್ತು ಹಾಸ್ಟೆಲ್ ಮುಟ್ಟುವವರೆಗೂ ನಡುಗಿದೆ.