ಅಟ್ಟಕ್ಕೆ ಕಾಂಕ್ರೀಟ್: ಬಲವಿರುವುದು ಸ್ಕ್ರೂಗಳಲ್ಲಿ

ಕೊಡಗಿನ ಹಳೆಯ ಐನ್‌ಮನೆಗಳಲ್ಲಿ (ಕೊಡವ ಕುಟುಂಬಗಳ ಮೂಲಮನೆಗಳಲ್ಲಿ) ಅಟ್ಟ ಅದುರತೊಡಗಿದರೆ ಹಲಗೆಯ ಮೇಲೆ ನಾಲ್ಕಿಂಚು ಕಾಂಕ್ರೀಟ್ ಸುರಿಸುವವರಿದ್ದಾರೆ. ಅದು ಬಲವಲ್ಲ, ಹೊರೆ. ಮರವೂ ಕಾಂಕ್ರೀಟೂ ಒಂದರ ಮೇಲೊಂದು ಜಾರದಂತೆ ಹಿಡಿದುಕೊಂಡಾಗಲೇ ಎರಡೂ ಸೇರಿ ಭಾರ ಹೊರುತ್ತವೆ. ಆಗ 5 ಸೆಂ.ಮೀ. ದಪ್ಪವೇ ಸಾಕು, ಅಷ್ಟಕ್ಕೇ ಚದರ ಮೀಟರಿಗೆ ಸುಮಾರು 125 ಕೆ.ಜಿ. ತೂಕ. ಹಾಗಾಗಿ ಹಳೆಯ ಮಣ್ಣಿನ ಹಾಸನ್ನು ಪೂರ್ತಿ ತೆಗೆಯಿರಿ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಗೋಡೆಯೊಳಗೆ ಕೂತ ಜಂತೆಯ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಮೊದಲು ಅದರ ದುರಸ್ತಿ. ಮರದ ತೇವಾಂಶ 18% ಮೀರಿದ್ದರೆ ಕಾಯಿರಿ. ಜಂತೆಗಳ ನಡುಮಧ್ಯಕ್ಕೆ ಕೆಳಗಿನಿಂದ ಜಾಕ್ ಕೊಡಿ. ಇಲ್ಲದಿದ್ದರೆ ಹಸಿ ಕಾಂಕ್ರೀಟಿನ ಭಾರವನ್ನೆಲ್ಲ ಮರವೊಂದೇ ಹೊತ್ತು ಬಾಗುತ್ತದೆ, ಆ ಬಾಗು ಹಾಗೆಯೇ ಉಳಿಯುತ್ತದೆ.

ಹಲಗೆಯ ಮೇಲೆ ಆವಿ ಬಿಡುವ, ನೀರು ಬಿಡದ ಹಾಳೆ ಹಾಸಿ. ಅಗ್ಗದ ಕಪ್ಪು ಪ್ಲಾಸ್ಟಿಕ್ ಬೇಡವೇ ಬೇಡ, ಅದರಡಿ ತೇವ ನಿಂತು ಹಲಗೆ ಕೊಳೆಯುತ್ತದೆ.

ಹೆಚ್ಚಿನವರು ಎಡವುವುದು ಮರವನ್ನೂ ಕಾಂಕ್ರೀಟನ್ನೂ ಜಾರದಂತೆ ಹಿಡಿಯುವ ಸ್ಕ್ರೂ ಹಾಕುವಲ್ಲಿ. ಮೊಳೆ ಹೊಡೆದು ಬಗ್ಗಿಸುವುದು, ಕಬ್ಬಿಣದ ತುಂಡು ಬಡಿಯುವುದು ಉಪಯೋಗವಿಲ್ಲ. ಭಾರ ಬಿದ್ದಾಗ ಸಡಿಲವಾಗುತ್ತವೆ. ಹಲಗೆ 25 ಮಿ.ಮೀ. ಇದ್ದರೆ 12 ಮಿ.ಮೀ. ದಪ್ಪದ, 160 ಮಿ.ಮೀ. ಉದ್ದದ ಗ್ಯಾಲ್ವನೈಸ್ಡ್ (ಸತುವಿನ ಲೇಪನದ) ಕೋಚ್ ಸ್ಕ್ರೂ, ಅಂದರೆ ಬೋಲ್ಟಿನಂಥ ತಲೆಯ ದಪ್ಪ ಮರದ ಸ್ಕ್ರೂ ತೆಗೆದುಕೊಳ್ಳಿ: 100 ಮಿ.ಮೀ. ಜಂತೆಯೊಳಗೆ, 35 ಮಿ.ಮೀ. ಮೇಲೆ ಕಾಂಕ್ರೀಟಿನೊಳಗೆ. ಮೊದಲು 8 ಮಿ.ಮೀ. ತೂತು ಕೊರೆಯಿರಿ, ಬೀಟೆಯಂಥ ಗಟ್ಟಿ ಮರಕ್ಕೆ 9. ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಮರದ ಹಿಡಿತ ಹೋಯಿತು, ಸ್ಪ್ಯಾನರ್‌ನಲ್ಲೇ ತಿರುಗಿಸಿ. ಜಾರುವ ಬಲ ಗೋಡೆಯ ಹತ್ತಿರ ಹೆಚ್ಚು, ನಡುವೆ ಕಡಿಮೆ. ಆದ್ದರಿಂದ ತುದಿಗಳಲ್ಲಿ 15 ಸೆಂ.ಮೀ.ಗೊಂದು, ನಡುಭಾಗದಲ್ಲಿ 30 ಸೆಂ.ಮೀ.ಗೊಂದು. ಒಂದೇ ಗೆರೆಯಲ್ಲಿ ಹಾಕಿದರೆ ಮರ ಎಳೆಗುಂಟ ಸೀಳುತ್ತದೆ, ಎಡಬಲಕ್ಕೆ ಸ್ವಲ್ಪ ಸರಿಸುತ್ತ ಹೋಗಿ. ಇದು ಸಾಮಾನ್ಯ ಅಳತೆ. ನಿಮ್ಮ ಜಂತೆಯ ಉದ್ದಕ್ಕೆ ಎಷ್ಟು ಬೇಕೆಂದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲೇಬೇಕು.

ಹಾಳೆ ತೂತಾದಲ್ಲೆಲ್ಲ ಟೇಪ್ ಸುತ್ತಿ. 6 ಮಿ.ಮೀ. ಕಂಬಿಯ ಮೆಶ್ (ಜಾಲರಿ) ಅನ್ನು ಹಾಳೆಗೆ ತಾಗದಂತೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಮೇಲೆ ಕೂರಿಸಿ. 10 ಮಿ.ಮೀ. ಜಲ್ಲಿಯ, ಎಂ25 ದರ್ಜೆಯ ಕಾಂಕ್ರೀಟನ್ನು ಒಂದೇ ದಿನ ಮುಗಿಸಿ, ಒಂದೇ ಕಡೆ ರಾಶಿ ಹಾಕಬೇಡಿ. ಮೇಸ್ತ್ರಿ ಸುಲಭಕ್ಕೆಂದು ನೀರು ಹೆಚ್ಚಿಸಲು ಬಂದರೆ ತಡೆಯಿರಿ.

ತಾರಸಿಯಂತೆ ಮಡಿ ಕಟ್ಟಿ ನೀರು ನಿಲ್ಲಿಸಿದರೆ ನೀರು ಬಿರುಕು ಹುಡುಕಿ ಜಂತೆಯ ತುದಿಗೇ ಇಳಿಯುತ್ತದೆ. ಒದ್ದೆ ಗೋಣಿ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, 10 ದಿನ ತೇವ ಆರದಂತೆ ನೋಡಿಕೊಳ್ಳಿ. ಜಾಕ್‌ಗಳನ್ನು ಮಾತ್ರ 28 ದಿನ ಮುಟ್ಟಬೇಡಿ.